ಮೊದಲು ಕುದುರೆಗೆ ನೀರು

ನಮ್ಮಪ್ಪ ಮೊದಲನೇ ಮಹಾಯುದ್ಧದಲ್ಲಿ ನಾಲ್ಕು ವರ್ಷ ಇದ್ದವರು. ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿ ಸವಾರ. ಆ ನಾಲ್ಕು ವರ್ಷದಲ್ಲಿ ಈಟಿ ಹಿಡಿದು ಕುದುರೆ ಓಡಿಸಿದ್ದು ಎಷ್ಟು ದಿನ ಅಂತ ನಾವು ಮಕ್ಕಳು ಕೇಳಿದರೆ, “ಒಂದು ಮಧ್ಯಾಹ್ನ” ಅನ್ನೋರು. ಮಿಕ್ಕ ದಿನವೆಲ್ಲ ಏನು ಮಾಡಿದ್ರಿ ಅಂದರೆ, “ನೀರು ಹೊತ್ತೆ” ಅನ್ನೋರು. ಅಷ್ಟೇ.

ಚಿಕ್ಕವಳಾಗಿದ್ದಾಗ ನನಗೆ ಇದು ಕೇಳಿದರೆ ಮುಖ ಸಣ್ಣದಾಗೋದು. ಓಣಿಯ ಹುಡುಗಿಯರ ಮುಂದೆ ನಮ್ಮಪ್ಪ ಹಾಗೆ ಹೊಡೆದರು, ಹೀಗೆ ಕಡಿದರು ಅಂತ ಕೊಚ್ಚಿಕೊಂಡು ಬಂದಿರ್ತಿದ್ದೆ. ಇವರು ನೋಡಿದರೆ ನೀರು ಹೊತ್ತೆ ಅಂತಾರೆ. ಆ ನೀರಿನ ಬೆಲೆ ನನಗೆ ಗೊತ್ತಾಗಿದ್ದು ಅರವತ್ತೈದು ತುಂಬಿದ ಮೇಲೆ, ಅದೂ ಜಪಾನ್ ದೇಶದಲ್ಲಿ, ನನ್ನ ಮೊಮ್ಮಗಳ ದೆಸೆಯಿಂದ. ಅದನ್ನು ಹೇಳದೆ ಇದ್ದರೆ ನನಗೆ ಅನ್ನ ಅರಗಲ್ಲ.

ನಾನು ಅಲ್ಲಿಗೆ ಹೋಗಿದ್ದು ಮಗಳ ಎರಡನೇ ಬಾಣಂತನಕ್ಕೆ. ಎರಡು ಸಾವಿರ ಇಸವಿ ಬರೋದಕ್ಕೆ ಇನ್ನೂ ಎರಡು ಮೂರು ತಿಂಗಳಿತ್ತು. ಇಸವಿ ಬದಲಾದ ಕೂಡಲೇ ಕಂಪ್ಯೂಟರುಗಳಿಗೆಲ್ಲ ದಿಕ್ಕು ತಪ್ಪುತ್ತೆ ಅಂತ ಲೋಕವೇ ಹೆದರಿಕೊಂಡಿದ್ದ ಕಾಲ. ನಮ್ಮ ಅಳಿಯಂದಿರು ಅದನ್ನು ಸರಿ ಮಾಡೋ ಕೆಲಸಕ್ಕೆ ದಿನಾ ಕಾವಾಸಾಕಿಗೆ ರೈಲಿನಲ್ಲಿ ಹೋಗೋರು. ಬೆಳಿಗ್ಗೆ ಮಗು ಏಳೋ ಮುಂಚೆ ಹೊರಟರೆ ಮಗು ಮಲಗಿದ ಮೇಲೆ ಮನೆ. ಫುನಾಬೊರಿ ಅನ್ನೋ ಬಡಾವಣೆಯಲ್ಲಿ ನಾಲ್ಕನೇ ಮಹಡಿ ಮೇಲೆ ಎರಡು ಕೋಣೆ ಮನೆ. ಒಂದು ಕೋಣೆಯಲ್ಲಿ ಬಾಣಂತಿ, ಹಸುಗೂಸು. ಇನ್ನೊಂದರಲ್ಲಿ ನಾನು, ಆರು ವರ್ಷದ ಮೊಮ್ಮಗಳು.

ಆ ಹುಡುಗಿಗೆ ನಾನು ಹೇಳೋದೆಲ್ಲ ಅರ್ಥವಾಗೋದು, ಉತ್ತರ ಮಾತ್ರ ಇಂಗ್ಲಿಷಲ್ಲೋ ಜಪಾನಿಯಲ್ಲೋ. ನಾನೂ ಬಿಡದೆ ಕನ್ನಡದಲ್ಲೇ ಮಾತಾಡ್ತಿದ್ದೆ. ಒಂದು ವಾರದಲ್ಲಿ “ಅಜ್ಜಿ, ಇನ್ನೊಂದು ದೋಸೆ” ಅನ್ನೋ ಮಟ್ಟಕ್ಕೆ ಬಂದಳು. ಹೊಟ್ಟೆಯ ಮಾತು ಬೇಗ ಬರುತ್ತೆ.

ಹಾಗಿರುವಾಗ ಒಂದು ಬೆಳಿಗ್ಗೆ ಹೊಟ್ಟೆನೋವು ಅಂದಳು. ಮಾರನೆಯ ದಿನವೂ ಅಂದಳು. ನೋಡಿದರೆ ನೋವು ಹೊಟ್ಟೆಯಲ್ಲಿರಲಿಲ್ಲ, ಫ್ರಿಜ್ಜಿನ ಬಾಗಿಲ ಮೇಲಿತ್ತು. ಅಲ್ಲಿ ಸ್ಕೂಲಿನ ಚೀಟಿ ಅಂಟಿಸಿದ್ದರು. ಮೂರು ವಾರ ಬಿಟ್ಟು ಒಂದನೇ ಕ್ಲಾಸಿನ ಮಕ್ಕಳನ್ನೆಲ್ಲ ನದಿ ದಂಡೆಯ ಪಾರ್ಕಿಗೆ ಕರೆದುಕೊಂಡು ಹೋಗ್ತಾರಂತೆ. ನಮ್ಮ ಮನೆ ಇದ್ದ ಎಡೋಗಾವಾ ವಿಭಾಗದಲ್ಲಿ ಮಕ್ಕಳಿಗೆ ಅಂತಲೇ ಕುಳ್ಳ ಕುದುರೆಗಳನ್ನು ಸಾಕಿರೋ ಪಾರ್ಕು ಅದು. ಒಬ್ಬೊಬ್ಬರನ್ನೇ ಹತ್ತಿಸಿ ಒಂದು ಸುತ್ತು ಹಾಕಿಸ್ತಾರೆ.

ಬೇಸಿಗೆಯಲ್ಲಿ ಅಪ್ಪ ಅಮ್ಮನ ಜೊತೆ ಅಲ್ಲಿಗೆ ಹೋಗಿದ್ದಳಂತೆ. ಮೇಲೆ ಕೂರಿಸಿದ್ದೇ ಕುದುರೆ ನೊಣ ಓಡಿಸೋಕೆ ಕತ್ತು ಒದರಿತು. ಇವಳು ಕಿರುಚಿಕೊಂಡು ಕುದುರೆಯವನ ಕೊರಳಿಗೆ ಜೋತುಬಿದ್ದಳು. ಸಾಲಿನಲ್ಲಿ ಇವಳ ಕ್ಲಾಸಿನ ಇಬ್ಬರು ಮಕ್ಕಳಿದ್ದರು. ಆವತ್ತಿನಿಂದ ಸ್ಕೂಲಿನಲ್ಲಿ ಇವಳನ್ನು ಕಂಡರೆ ಕತ್ತು ಒದರಿ ಕಿರುಚೋದು ಒಂದು ಆಟವಾಯಿತು. ಈಗ ಇಡೀ ಕ್ಲಾಸಿನ ಮುಂದೆ ಹತ್ತಬೇಕು. ಆ ದಿನ ನನಗೆ ಜ್ವರ ಬರುತ್ತೆ ಅಂತ ಅಮ್ಮನಿಗೆ ಮುಂಚೆಯೇ ತಿಳಿಸಿದ್ದಳು.

ಮಗಳು ಟೀಚರಿಗೆ ಚೀಟಿ ಬರೆಯೋಕೆ ಕೂತಳು. ನಾನು ಪೆನ್ನು ಕಿತ್ತುಕೊಂಡೆ. ಮೂರು ವಾರ ಇದೆಯಲ್ಲ, ನನಗೆ ಬಿಡು ಅಂದೆ.

“ನೀನು ಯಾವತ್ತಮ್ಮ ಕುದುರೆ ಹತ್ತಿದ್ದು?” ಅಂದಳು ಮಗಳು.

ಹತ್ತಿಲ್ಲ. ಹೌದು. ಆದರೆ ಕುದುರೆಯ ಕಾಲ ಬುಡದಲ್ಲೇ ಬೆಳೆದವಳು ನಾನು. ಯುದ್ಧ ಮುಗಿಸಿ ಬಂದ ಅಪ್ಪ ಮೈಸೂರಿನಲ್ಲಿ ಜಟಕಾ ಇಟ್ಟರು. ಮೂರನೇ ಕ್ಲಾಸಿಗೆ ನನ್ನ ಓದು ನಿಂತಿದ್ದೂ ಅದಕ್ಕೇ, ಹುಲ್ಲು ತರೋರು ಯಾರೂ ಇರಲಿಲ್ಲ. ಪಾಠ ನಿಂತರೂ ಕಲಿಯೋದು ನಿಲ್ಲಲಿಲ್ಲ. ಗೊರಸಿನಲ್ಲಿ ಕಲ್ಲು ಹುಡುಕೋದು, ಹಲ್ಲು ಮುಟ್ಟಿ ವಯಸ್ಸು ಹೇಳೋದು, ಕಿವಿ ನೋಡಿ ಮನಸ್ಸು ಓದೋದು. ಇದಕ್ಕೆ ಪರೀಕ್ಷೆ ಇದ್ದಿದ್ದರೆ ನಾನೇ ಫಸ್ಟು.

ಅವತ್ತೇ ಸಂಜೆ ಒಂದು ಹಾಸಿಗೆ ಸುತ್ತಿ, ಎರಡು ದಿಂಬು ಸೇರಿಸಿ, ಅಳಿಯಂದಿರ ಬೆಲ್ಟಿನಲ್ಲಿ ಬಿಗಿದು ಕುದುರೆ ಮಾಡಿದೆ. ಬೆಳಿಗ್ಗೆ ಅವರು ಪ್ಯಾಂಟು ಹಿಡಿದುಕೊಂಡು ಬೆಲ್ಟು ಹುಡುಕೋದು, ನಾವಿಬ್ಬರೂ ಹೊದಿಕೆಯೊಳಗೆ ನಗೋದು. ಕೊನೆಗೆ ಅವರೇ ಒಂದು ಹಳೆ ಬೆಲ್ಟು ತಂದುಕೊಟ್ಟು, “ಅತ್ತೆ, ಇದು ನಿಮ್ಮ ಕುದುರೆಗೆ. ಅದು ನನ್ನ ಮಾನಕ್ಕೆ” ಅಂದರು.

ಅಪ್ಪ ನನಗೆ ಕಲಿಸಿದ್ದನ್ನೇ ಅವಳಿಗೆ ಕಲಿಸಿದೆ. ಹಿಂದಿನಿಂದ ಹೋಗಬಾರದು. ಎಡ ಭುಜದ ಕಡೆಯಿಂದ, ಅದಕ್ಕೆ ಕಾಣೋ ಹಾಗೆ ಹೋಗಬೇಕು. ಮೊದಲು ನಿನ್ನ ಕೈ ಅದು ಮೂಸಲಿ, ಆಮೇಲೆ ನೀನು ಅದರ ಕತ್ತು ಸವರು. ಇನ್ನೊಂದು ಮುಖ್ಯವಾದ್ದು: ಜೀನು ಹಾಕಿ ಹೊಟ್ಟೆಯ ಕೆಳಗಿನ ಪಟ್ಟಿ ಬಿಗಿಯುವಾಗ ಕಿಲಾಡಿ ಕುದುರೆ ಉಸಿರು ಹಿಡಿದು ಹೊಟ್ಟೆ ಉಬ್ಬಿಸುತ್ತೆ. ಬಿಗಿಯಾಯಿತು ಅಂತ ನಾವು ಬಿಡ್ತೀವಿ. ನಾಲ್ಕು ಹೆಜ್ಜೆ ಹೋದ ಮೇಲೆ ಉಸಿರು ಬಿಡುತ್ತೆ, ಪಟ್ಟಿ ಸಡಿಲ, ಸವಾರ ನೆಲದ ಮೇಲೆ. ಅದಕ್ಕೇ ಹತ್ತೋ ಮುಂಚೆ ಪಟ್ಟಿಯೊಳಗೆ ಕೈ ಹಾಕಿ ನೋಡಬೇಕು. ಕೈ ಸಲೀಸಾಗಿ ಆಡಿದರೆ ಇನ್ನೊಂದು ತೂತು ಬಿಗಿಯಬೇಕು. ಮೊಮ್ಮಗಳಿಗೆ ಇದು ಬಹಳ ಹಿಡಿಸಿತು. ಅಮ್ಮ ಲಂಗ ಹೊಲಿಸೋಕೆ ಅಳತೆ ತೆಗೆದಾಗ ತಾನೂ ಹಾಗೇ ಹೊಟ್ಟೆ ಉಬ್ಬಿಸಿದ್ದೆ ಅಂತ ಒಪ್ಪಿಕೊಂಡಳು.

ಹಾಸಿಗೆ ಕುದುರೆ ಮೇಲೆ ಕೂತು ಯುದ್ಧದ ಕತೆ ಕೇಳೋಳು. ಕುದುರೆ ಮೇಲಿದ್ದೋರು ಯುದ್ಧದಲ್ಲಿ ಏನು ಮಾಡ್ತಿದ್ದರು ಅಜ್ಜಿ ಅಂತ. ನನಗೆ ಗೊತ್ತಿದ್ದಷ್ಟು ಹೇಳಿದೆ. ಹಡಗಿನಲ್ಲಿ ಕುದುರೆಗಳನ್ನು ತುಂಬಿಕೊಂಡು ಸಮುದ್ರ ದಾಟಿ ಹೋಗಿದ್ದು, ಕುದುರೆಗಳಿಗೆ ಹೊಟ್ಟೆ ತೊಳಸಿದ್ದು. ಅಲ್ಲಿ ಇಳಿದರೆ ಬರೀ ಮರಳು. ಮೋಟಾರು ಗಾಡಿ ಹೂತುಕೊಳ್ಳೋದು, ಕುದುರೆ ಮಾತ್ರ ನಡೆಯೋದು. ಶತ್ರು ಎಲ್ಲಿದ್ದಾನೆ ಅಂತ ನಾಲ್ಕೈದು ಜನ ಮುಂದೆ ಹೋಗಿ ನೋಡಿಕೊಂಡು ಬಂದು ಹೇಳಬೇಕು. ಬಾವಿ ಕಾಯಬೇಕು. ಚೀಟಿ ಒಯ್ಯಬೇಕು. ಎದುರಿಗೆ ನಿಂತು ಹೊಡೆಯೋ ಕಾಲ ಆಗಲೇ ಹೋಗಿತ್ತು. ಒಂದೇ ಕಡೆ ಕೂತು ಜಡಿಮಳೆ ಹಾಗೆ ಗುಂಡು ಸುರಿಸೋ ಬಂದೂಕು ಬಂದಿತ್ತಲ್ಲ, ಅದರ ಮುಂದೆ ಈಟಿ ಹಿಡಿದು ಹೋದರೆ ಉಳಿಯೋ ಹಾಗಿಲ್ಲ ಅಂತ ದೊಡ್ಡ ಸಾಹೇಬರೇ ಹೇಳೋರಂತೆ.

ಆದರೂ ಒಂದು ಮಧ್ಯಾಹ್ನ ಹೋಗಬೇಕಾಯಿತು. ಸಮುದ್ರದ ಪಕ್ಕ ಒಂದು ಊರು. ಊರಿಗೆ ಹೋಗೋ ದಾರಿಗೆ ಒಂದು ಮಗ್ಗುಲು ಗುಡ್ಡ, ಗುಡ್ಡದ ಮೇಲೆ ಫಿರಂಗಿ. ಇನ್ನೊಂದು ಮಗ್ಗುಲು ಹೊಳೆ, ಕಾಲಿಟ್ಟರೆ ಹೊಟ್ಟೆ ಮುಟ್ಟೋ ಕೆಸರು. ನಿಂತರೆ ಸಾವು, ನಿಧಾನ ಹೋದರೂ ಸಾವು. ಓಡಿಸಿದರು. ಓಡಿಸಿಕೊಂಡೇ ಗುಡ್ಡ ಹತ್ತಿ ಊರು ಸೇರಿದರು. ಇದಿಷ್ಟನ್ನೂ ಅಪ್ಪ ಎರಡು ಮಾತಿನಲ್ಲಿ ಮುಗಿಸೋರು. ಮೂರನೇ ಮಾತು ಯಾವಾಗಲೂ ಇದು: “ಕುದುರೆಗೂ ಭಯ ಇತ್ತು, ನನಗೂ ಇತ್ತು. ಯಾರಿಗೆ ಜಾಸ್ತಿ ಅಂತ ನೋಡೋಕೆ ಪುರುಸೊತ್ತಿರಲಿಲ್ಲ.”

ಮೊಮ್ಮಗಳು ಹಾಸಿಗೆಯ ಮೇಲಿಂದ ಬಗ್ಗಿ ನನ್ನ ಮುಖ ನೋಡಿದಳು.

“ಮುತ್ತಾತನಿಗೂ ಭಯ ಆಯ್ತಾ?”

“ಆಯ್ತು ಮತ್ತೆ.”

“ಸೋಲ್ಜರ್ ಆಗಿದ್ದೂ?”

ಆಗಿದ್ದೂ ಅಂದೆ. ಭಯ ಆದಾಗ ಅವರು ಏನು ಮಾಡೋರು ಅಂತ ಕೇಳಿದಳು. ಕುದುರೆಗೆ ನೀರು ಕುಡಿಸೋರು ಅಂದೆ. ಆ ಪಡೆಯಲ್ಲಿ ಅದೇ ಕಟ್ಟಳೆ. ಎಷ್ಟೇ ದೂರದಿಂದ ಬಂದಿರಲಿ, ನಾಲಗೆ ಒಣಗಿ ಅಂಟಿಕೊಂಡಿರಲಿ, ಕುದುರೆಯ ಬಾಯಿ ಒದ್ದೆಯಾಗೋ ತನಕ ಸವಾರನ ಬಾಯಿ ಒದ್ದೆಯಾಗಬಾರದು. ಮೊದಲು ಕುದುರೆ, ಆಮೇಲೆ ಜೀನು, ಕಡೆಗೆ ಮನುಷ್ಯ. ನಮ್ಮ ಮನೆಯಲ್ಲೂ ಅಪ್ಪ ಸಾಯೋ ತನಕ ಅದೇ ನಡೆಯಿತು. ಜಟಕಾ ಕುದುರೆ ಕುಡಿಯದೆ ನಮಗೆ ಯಾರಿಗೂ ಕಾಫಿ ಇಲ್ಲ.

ಸ್ಕೂಲು ಬಿಟ್ಟ ಮೇಲೆ ಬಸ್ಸು ಹತ್ತಿ ದಿನಾ ಇಬ್ಬರೂ ಪಾರ್ಕಿಗೆ ಹೋಗ್ತಿದ್ದೆವು. ಬೇಲಿಯ ಆಚೆ ನಿಂತು ನೋಡೋದು, ಅಷ್ಟೇ. ಅಲ್ಲಿ ಕುದುರೆಗೂ ಸಾನ್ ಸೇರಿಸಿ ಕರೀತಾರೆ. ಉಮಾ ಅಂದರೆ ಕುದುರೆ, ಮಕ್ಕಳೆಲ್ಲ ಉಮಾ ಸಾನ್, ಉಮಾ ಸಾನ್ ಅಂತಾರೆ. ಕುದುರೆಯವರು ಅಂದ ಹಾಗೆ. ನಮ್ಮಪ್ಪ ಇದನ್ನು ಕೇಳಿದ್ದರೆ ಆ ದೇಶದಲ್ಲೇ ಮನೆ ಮಾಡೋರು. ಇವಳು ಮೊದಲ ದಿನ ನನ್ನ ಸೀರೆಯ ಹಿಂದೆ. ನಾಲ್ಕನೇ ದಿನ ಪಕ್ಕಕ್ಕೆ. ಎರಡನೇ ವಾರ ಬೇಲಿಯ ಸಂದಿಯಲ್ಲಿ ಕೈ ತೂರಿಸಿ, ಕಂದು ಬಿಳಿ ಬಣ್ಣದ ಒಂದು ಮುದಿ ಕುದುರೆಗೆ ಮೂಸೋಕೆ ಕೊಟ್ಟಳು. ಅದರ ಬಿಸಿ ಉಸಿರು ತಾಕಿ ಕೈ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ತಾನಾಗಿಯೇ ಕೊಟ್ಟಳು. ನನಗೆ ಆ ಸಂಜೆ ಬಸ್ಸಿನಲ್ಲಿ ಕೂರೋಕೇ ಆಗಲಿಲ್ಲ, ಸಂತೋಷಕ್ಕೆ.

ಆ ಸಂತೋಷದಲ್ಲೇ ನನ್ನ ಬುದ್ಧಿ ಕೆಟ್ಟಿದ್ದು.

ಊರಿಂದ ಬಸ್ಸಾರಿಗೆ ಅಂತ ಹುರುಳಿ ತಂದಿದ್ದೆ. ಕುದುರೆ ನಮ್ಮದಾಗಬೇಕಾದರೆ ಹುರುಳಿ ಬೇಯಿಸಿ ಬೆಲ್ಲ ಕಲಸಿ ಕೈಯಲ್ಲೇ ತಿನ್ನಿಸಬೇಕು ಅನ್ನೋದು ನಮ್ಮ ಮನೆಯ ಪಾಠ. ಭಾನುವಾರ ಅಳಿಯಂದಿರ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಬೇಲಿಯ ಮೇಲೆ ಒಂದು ಹಲಗೆ ಇತ್ತು, ಅದರಲ್ಲಿ ಏನು ಬರೆದಿದೆ ಅಂತ ಮೊಮ್ಮಗಳನ್ನು ಕೇಳಲಿಲ್ಲ. ಅವಳು ಆಚೆ ಕಡೆ ಬೇರೆ ಕುದುರೆ ನೋಡ್ತಿದ್ದಳು. ಮುದಿ ಕುದುರೆ ನನ್ನ ಅಂಗೈ ನೆಕ್ಕಿ ನೆಕ್ಕಿ ಅರ್ಧ ಡಬ್ಬಿ ಖಾಲಿ ಮಾಡಿತು. ಅಷ್ಟರಲ್ಲಿ ಕುದುರೆ ನೋಡಿಕೊಳ್ಳೋ ಮುದುಕ ಎರಡೂ ಕೈ ಎದೆ ಮುಂದೆ ಅಡ್ಡಡ್ಡ ಕಟ್ಟಿ, ಬೇಡ ಬೇಡ ಅನ್ನೋ ಗುರುತು ಮಾಡುತ್ತಾ ಓಡಿ ಬಂದ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿ ನೋಡಿದ, ಕುದುರೆಯ ಹೊಟ್ಟೆಗೆ ಕಿವಿ ಇಟ್ಟು ಕೇಳಿದ, ಜೀನು ಬಿಚ್ಚಿ ಲಾಯಕ್ಕೆ ನಡೆಸಿಕೊಂಡು ಹೋದ. ಗೊತ್ತಿಲ್ಲದ್ದು ತಿಂದ ಕುದುರೆಗೆ ಹೊಟ್ಟೆ ನುಲಿದರೆ ಪ್ರಾಣಕ್ಕೇ ಬರುತ್ತೆ, ಅದು ನನಗೂ ಗೊತ್ತು. ಆ ಕುದುರೆಗಾಗಿ ಸಾಲಿನಲ್ಲಿ ನಿಂತಿದ್ದ ಮಕ್ಕಳನ್ನೆಲ್ಲ ಬೇರೆ ಸಾಲಿಗೆ ಕಳಿಸಿದರು. ಸುಮಿಮಾಸೆನ್ ಅಂತ ನೂರು ಸಲ ಅಂದೆ. ನನಗೆ ಬರೋ ಕ್ಷಮೆ ಅಷ್ಟೇ.

ಬಸ್ಸಿನಲ್ಲಿ ಮೊಮ್ಮಗಳು ನನ್ನ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಕೂತಳು. ಮನೆಯ ಬಾಗಿಲಲ್ಲಿ ಷೂ ಬಿಚ್ಚುತ್ತಾ, “ಸ್ಕೂಲಿನ ದಿನ ನೀನು ಬರಬೇಡ ಅಜ್ಜಿ. ನಾನೂ ಹೋಗಲ್ಲ” ಅಂದಳು.

ಮುಂದಿನ ಶುಕ್ರವಾರವೇ ಆ ದಿನ. ಎರಡು ವಾರ ಒಂದೊಂದೇ ಹೆಜ್ಜೆ ಮುಂದಿಟ್ಟಿದ್ದನ್ನು ನಾನೇ ಒಂದು ಡಬ್ಬಿ ಹುರುಳಿಯಲ್ಲಿ ಮುಳುಗಿಸಿದ್ದೆ.

ಅಳಿಯಂದಿರಿಗೆ ಫೋನು ಹೋಯಿತು. ಅವರು ಮೊದಲು ನಕ್ಕರು. ಕುದುರೆಗೆ ಬಸ್ಸಾರೂ ಕೊಟ್ಟಿರಾ ಅತ್ತೆ ಅಂತ ಕೇಳಿದರು. ಆಮೇಲೆ, ಇಲ್ಲಿ ತಪ್ಪಾದರೆ ಒಂದು ಡಬ್ಬ ಸಿಹಿ ಹಿಡಿದುಕೊಂಡು ಖುದ್ದಾಗಿ ಹೋಗಿ ತಲೆ ಬಗ್ಗಿಸಬೇಕು, ಅದೇ ಪದ್ಧತಿ ಅಂದರು. ಅವರಿಗೆ ರಜ ಇಲ್ಲ. ಬಾಣಂತಿಯನ್ನು ಹೊಸಿಲು ದಾಟಬೇಡ ಅಂತ ತಡೆದು ಕೂರಿಸಿದವಳು ನಾನೇ. ಇನ್ನು ಭಾಷೆ ಬರೋದು ಮೊಮ್ಮಗಳೊಬ್ಬಳಿಗೆ. ಮಗಳು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಏನೇನೋ ಹೇಳಿದಳು. ಕೊನೆಗೆ ಅವಳು, “ಉಮಾ ಸಾನ್‌ಗೆ ಹೊಟ್ಟೆನೋವಾ?” ಅಂತ ಕೇಳಿದಳು. ಹೋಗಿ ನೋಡೋಣವಾ ಅಂದೆ. ತಲೆ ಆಡಿಸಿದಳು.

ಮಂಗಳವಾರ ಹೋದೆವು. ದಾರಿಯಲ್ಲಿ ಬಣ್ಣದ ಕಾಗದ ಸುತ್ತಿದ ಸಿಹಿ ಡಬ್ಬ ಕೊಂಡೆವು. ಬಸ್ಸಿನಲ್ಲಿ ಅವಳ ತುಟಿ ಆಡ್ತಾನೇ ಇತ್ತು, ಮಂತ್ರ ಬಾಯಿಪಾಠ ಮಾಡೋ ಹಾಗೆ. ಮುದುಕ ಲಾಯದ ಮುಂದೆ ಕಸ ಗುಡಿಸ್ತಿದ್ದ. ಅವಳು ಸೊಂಟದಿಂದ ಬಗ್ಗಿದಳು, ನಾನೂ ಬಗ್ಗಿದೆ. ಡಬ್ಬ ಎರಡು ಕೈಯಲ್ಲಿ ಕೊಟ್ಟಳು. ಅವನು ಏನೋ ಅಂದ. ಕುದುರೆ ಆರಾಮ, ಆವತ್ತು ಸಂಜೆಯೇ ಹುಲ್ಲು ತಿಂತು ಅಂತ ಅವಳು ನನಗೆ ಹೇಳಿದಳು. ನನ್ನ ಎದೆಯ ಮೇಲಿನ ಚಪ್ಪಡಿ ಇಳಿಯಿತು.

ಅದು ಯಾವ ಕಾಳು ಅಂತ ಮುದುಕ ಕೇಳಿದನಂತೆ. ಇವಳಿಗೆ ಅದಕ್ಕೆ ಜಪಾನಿ ಮಾತು ಗೊತ್ತಿಲ್ಲ. ನಾನು ಪರ್ಸಿನಲ್ಲಿ ಕಟ್ಟಿ ತಂದಿದ್ದ ಒಂದು ಚಿಟಿಕೆ ಹುರುಳಿ ತೋರಿಸಿದೆ. ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿದ. ಇದನ್ನು ಯಾಕೆ ಕೊಟ್ಟಿದ್ದು ಅಂತ ಕೇಳಿರಬೇಕು, ಯಾಕೆ ಅಂದರೆ ನಮ್ಮ ಹುಡುಗಿ ಅಲ್ಲಿಂದ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಹಡಗು, ಮರಳು, ಗುಡ್ಡ, ಎಲ್ಲ ಕೈಯಲ್ಲಿ ತೋರಿಸುತ್ತಾ ಹೇಳಿದಳು. ನನಗೆ ತಿಳಿದಿದ್ದು ಉಮಾ ಸಾನ್ ಅನ್ನೋದು, ನೀರಿಗೆ ಅವರು ಅನ್ನೋ ಮಿಜು ಅನ್ನೋದು, ಎರಡೇ. ಮಿಜು ಎಷ್ಟು ಸಲ ಬಂತೋ. ಕ್ಲಾಸಿನಲ್ಲಿ ಬಾಯಿ ಬಿಡಲ್ಲ ಅಂತ ಟೀಚರು ದೂರು ಹೇಳೋ ಹುಡುಗಿ ಅದು.

ಮುದುಕ ಪೊರಕೆಯ ಮೇಲೆ ಕೈ ಊರಿ ಕೇಳ್ತಿದ್ದ. ಕೇಳಿ, ಮೆಲ್ಲಗೆ ನಾಲ್ಕು ಮಾತು ಹೇಳಿದ. ಮೊಮ್ಮಗಳು ನನ್ನ ಕಡೆ ತಿರುಗಿ, ಮಾತು ಹುಡುಕಿ ಹುಡುಕಿ ಕನ್ನಡದಲ್ಲೇ ಹೇಳಿದಳು: “ಅವರ ಮನೇಲೂ ಕುದುರೆ ಇತ್ತು. ಹೊಲದ ಕುದುರೆ. ಅವರು ನನ್ನಷ್ಟು ಇದ್ದಾಗ ಯುದ್ಧಕ್ಕೆ ಅಂತ ಸೋಲ್ಜರ್ಸ್ ಕರ್ಕೊಂಡು ಹೋದರು. ವಾಪಸ್ ಬರಲಿಲ್ಲ.”

ಯುದ್ಧದಲ್ಲಿ ಅಪ್ಪ ಹತ್ತುತ್ತಿದ್ದ ಕೆಂಚು ಹೆಣ್ಣು ಕುದುರೆಯೂ ಬರಲಿಲ್ಲ. ಯುದ್ಧ ಮುಗಿದ ಮೇಲೆ ಸವಾರರನ್ನು ಹಡಗು ಹತ್ತಿಸಿದರು, ಅವಳನ್ನು ಅಲ್ಲೇ ಬಿಡಬೇಕಾಯಿತು. ಅವಳಿಗೆ ಏನಾಯಿತು ಅಂತ ಅಪ್ಪ ಒಂದು ದಿನವೂ ಹೇಳಲಿಲ್ಲ. ಹೊರಟ ಬೆಳಿಗ್ಗೆಯೂ ನೀರು ಕುಡಿಸಿ ಬಂದೆ ಅಂತ ಮಾತ್ರ ಅನ್ನೋರು. ಇದನ್ನು ನಾನು ಮಗುವಿಗೆ ಹೇಳಿರಲಿಲ್ಲ.

“ನಮ್ಮದೂ ಬರಲಿಲ್ಲ ಅಂತ ಹೇಳು, ಕಂದ” ಅಂದೆ.

ಹೇಳಿದಳು. ಮುದುಕ ನನಗೆ ತಲೆ ಬಗ್ಗಿಸಿದ. ನಾನೂ ಬಗ್ಗಿಸಿದೆ. ಆಮೇಲೆ ಅವನು ಬೇಲಿಯ ಬಾಗಿಲು ತೆಗೆದು ನನ್ನನ್ನು ಒಳಗೆ ಕರೆದ. ಕೈ ತೊಳೆದುಕೊಂಡು ಮುದಿ ಕುದುರೆಯ ಎಡ ಭುಜದಿಂದ ಕಾಲಿನುದ್ದಕ್ಕೂ ಕೈ ಸವರಿಕೊಂಡು ಬಂದೆ. ಐವತ್ತು ವರ್ಷದ ಮೇಲೆ. ಗೊರಸಿನ ಹತ್ತಿರ ಬೆರಳು ಬಂದಿದ್ದೇ, ನಮ್ಮ ಜಟಕಾ ಕುದುರೆಯ ಹಾಗೇ, ಇದು ಕಾಲೆತ್ತಿ ನನ್ನ ಕೈಯಲ್ಲಿಟ್ಟಿತು. ಮುದುಕ ನಕ್ಕ. ಮೊಮ್ಮಗಳ ಕೈಗೆ ಬಕೆಟ್ಟು ಕೊಟ್ಟು ನಲ್ಲಿ ತೋರಿಸಿದ. ಅವಳು ಅರ್ಧ ಚೆಲ್ಲಿ ಅರ್ಧ ತಂದಳು. ಕುದುರೆ ಸೊರ್ರ್ ಅಂತ ಕುಡಿಯೋ ಸದ್ದಿಗೆ ಬಿದ್ದು ಬಿದ್ದು ನಕ್ಕಳು. ಹತ್ತುತ್ತೀಯಾ ಅಂತ ಅವನು ಕೇಳಿದ್ದಕ್ಕೆ ಇಲ್ಲ ಅಂದಳು. ಬಸ್ಸಿನಲ್ಲಿ ಮಾತ್ರ, ಇವತ್ತು ಬೇಡ ಅಂದೆ ಅಷ್ಟೇ ಅಜ್ಜಿ ಅಂದಳು.

ಶುಕ್ರವಾರ ಬೆಳಿಗ್ಗೆ ಜ್ವರ ಬರಲಿಲ್ಲ. ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತು ನನಗೆ ಅಪ್ಪಣೆ ಕೊಟ್ಟಳು: “ಬಾ ಅಜ್ಜಿ. ದೂರ ನಿಲ್ಲು. ಏನೂ ತಿನ್ನಿಸಬೇಡ.”

ದೂರವೇ ನಿಂತೆ, ನದಿಯ ಏರಿಯ ಮೇಲೆ. ಬೆಳಗಿನಿಂದ ಒಂದು ಹನಿ ನೀರು ಗಂಟಲಲ್ಲಿ ಇಳಿದಿರಲಿಲ್ಲ. ಕೆಳಗೆ ಒಂದೇ ಬಣ್ಣದ ಟೋಪಿಯ ಸಾಲು ಮೆಲ್ಲಗೆ ಸಣ್ಣದಾಗ್ತಾ ಬಂತು. ನಮ್ಮವಳ ಸರದಿ. ಎಡ ಭುಜದ ಕಡೆಯಿಂದ ಹೋದಳು, ಕೈ ಮೂಸೋಕೆ ಕೊಟ್ಟಳು, ಕತ್ತು ಸವರಿದಳು. ಮುದುಕ ಎತ್ತೋಕೆ ಬಗ್ಗಿದ. ಇವಳು ಒಂದು ಹೆಜ್ಜೆ ಹಿಂದೆ ಸರಿದಳು. ಸಾಲಿನಲ್ಲಿ ಒಂದು ಮಗು ಕತ್ತು ಒದರಿ ಕಿರುಚಿತು, ನಗು ಎದ್ದಿತು. ಟೀಚರು ಹತ್ತಿರ ಬಂದರು. ಹೋಯಿತು ಅಂದುಕೊಂಡೆ, ಎಲ್ಲಾ ಹೋಯಿತು.

ಅವಳು ಬಗ್ಗಿ ಕುದುರೆಯ ಹೊಟ್ಟೆಯ ಕೆಳಗಿನ ಪಟ್ಟಿಯೊಳಗೆ ಕೈ ತೂರಿಸಿದಳು. ಆಡಿಸಿ ನೋಡಿದಳು. ಮುದುಕನಿಗೆ ಏನೋ ಹೇಳಿದಳು. ಅವನು ತಾನೂ ಕೈ ಹಾಕಿ ನೋಡಿದ. ನೋಡಿ, ಪಟ್ಟಿ ಎಳೆದು ಇನ್ನೊಂದು ತೂತು ಬಿಗಿದ. ಆಮೇಲೆ ಇಡೀ ಕ್ಲಾಸಿನ ಮುಂದೆ, ಆರು ವರ್ಷದ ಆ ಹುಡುಗಿಗೆ ತಲೆ ಬಗ್ಗಿಸಿದ. ನಗು ಎಲ್ಲಿ ಹೋಯಿತೋ.

ಹತ್ತಿದಳು. ಕುದುರೆ ಕತ್ತು ಒದರಿತು, ಅದೂ ಆಯಿತು. ಅವಳ ಭುಜ ಒಂದು ಸಲ ಕಿವಿಗೆ ತಾಕೋ ಹಾಗೆ ಮೇಲೆದ್ದು ಕೆಳಗೆ ಬಂತು. ಭಯ ಇತ್ತು, ನನಗೆ ಏರಿಯ ಮೇಲಿಂದಲೇ ಕಾಣ್ತಿತ್ತು. ಕಿರುಚಲಿಲ್ಲ. ಒಂದು ಸುತ್ತು, ಬೆನ್ನು ನೆಟ್ಟಗೆ. ನನ್ನ ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ. ನಾಯಿ ಕರೆದುಕೊಂಡು ಹೋಗ್ತಿದ್ದ ಒಬ್ಬ ಹೆಂಗಸು ನಿಂತು, ಚೀಲದಿಂದ ಕಣ್ಣೊರೆಸೋ ಕಾಗದದ ಪುಟ್ಟ ಕಟ್ಟು ತೆಗೆದು ನನ್ನ ಕೈಗಿಟ್ಟು ಹೋದಳು. ಅವಳ ಬೆನ್ನಿಗೇ ಕೈ ಮುಗಿದೆ.

ಎಲ್ಲರ ಸವಾರಿ ಮುಗಿದ ಮೇಲೆ ಊಟದ ಹೊತ್ತು. ಮಕ್ಕಳೆಲ್ಲ ಹುಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದರು. ಒಂದು ಟೋಪಿ ಕಾಣಲಿಲ್ಲ. ಹುಡುಕಿದೆ. ನಲ್ಲಿಯ ಹತ್ತಿರ ಇದ್ದಳು, ಎರಡು ಕೈಯಲ್ಲಿ ಬಕೆಟ್ಟು ಹಿಡಿದು ವಾಲಾಡುತ್ತಾ ಲಾಯದ ಕಡೆ ಹೋಗ್ತಿದ್ದಳು. ಬೆಳಿಗ್ಗೆ ಕತ್ತು ಒದರಿ ಕಿರುಚಿದ್ದ ಮಗು ಇನ್ನೊಂದು ಕಡೆಯಿಂದ ಬಂದು ಬಕೆಟ್ಟಿನ ಹಿಡಿಗೆ ಕೈ ಹಾಕಿತು. ಮುದಿ ಕುದುರೆ ಮುಖ ಮುಳುಗಿಸಿತು.

ಅದು ಕುಡಿದು ತಲೆ ಎತ್ತಿದ ಮೇಲೆ ಅವಳು ಏರಿಯ ಕಡೆ ತಿರುಗಿ, ಖಾಲಿ ಬಕೆಟ್ಟನ್ನು ತಲೆಯ ಮೇಲೆತ್ತಿ ನನಗೆ ತೋರಿಸಿದಳು. ಆಮೇಲೆ ಹೋಗಿ ತನ್ನ ಡಬ್ಬಿ ಬಿಚ್ಚಿದಳು.

ನಾನೂ ಹುಲ್ಲಿನ ಮೇಲೆ ಕೂತು ಫ್ಲಾಸ್ಕು ತೆಗೆದು ಕಾಫಿ ಬಗ್ಗಿಸಿಕೊಂಡೆ.